ಸುಣ್ಣ ಸುಡುತ್ತಿದ್ದ ನನ್ನ ಮಾವ

ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ಎಡಗಡೆ ನೆಟ್ಟಗೆ ಶುರುವಾಗಿ ಬಲಗಡೆಗೆ ಬರುವಷ್ಟರಲ್ಲಿ ಇಳಿದುಬಿಡುತ್ತದೆ. ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡರೂ ಅಷ್ಟೇ. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತುಗಳೂ ಬರುವುದಿಲ್ಲ. ಓದುವವರು ಕ್ಷಮಿಸಬೇಕು.

ನಮ್ಮ ಬೀದಿಯ ಗ್ರಂಥಾಲಯ ನೋಡಿಕೊಳ್ಳುವ ಅಕ್ಕನನ್ನು ಎಲ್ಲರೂ ಪುಸ್ತಕದಕ್ಕ ಎಂದು ಕರೆಯುತ್ತಾರೆ. ಈ ಬೀದಿಯಲ್ಲಿ ಬದುಕಿದವರ ಬಗ್ಗೆ ಬೀದಿಯವರಿಂದಲೇ ಬರೆಸಿ ಅವರು ಒಂದು ಪುಸ್ತಕ ಮಾಡುತ್ತಿದ್ದಾರೆ. "ನಿನ್ನ ಮಾವನ ಬಗ್ಗೆ ನೀನು ಬರೆದುಕೊಡು" ಅಂದರು. ನನಗೆ ಆಗಲ್ಲ ಅಂದೆ. "ನೀನು ಬಾಯಿ ಬಿಡಲ್ಲ ಅಂತ ಗೊತ್ತು. ಅದಕ್ಕೇ ಕಾಗದ ಕೊಡ್ತಿದೀನಿ" ಅಂದರು. ಹನ್ನೆರಡು ದಿನವಾಯಿತು. ಮೂರು ಸಲ ಬರೆದು ಹರಿದಿದ್ದೇನೆ. ಆ ಮೂರರಲ್ಲೂ ಒಂದು ವಿಷಯ ಬಿಟ್ಟಿದ್ದೆ. ಈ ಸಲ ಬಿಡುವುದಿಲ್ಲ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಮಾವ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಚೀಲ ಮಡಿಸಿ ಹಾಕಿ, ಅದರ ಮೇಲೆ ನನ್ನನ್ನು ಕೂರಿಸಿ ಕರೆತಂದರು. ಇಳಿದಾಗ ನನ್ನ ಫ್ರಾಕಿನ ಹಿಂಭಾಗವೆಲ್ಲ ಬೆಳ್ಳಗಾಗಿತ್ತಂತೆ. ಅತ್ತೆ ಬಾಗಿಲಲ್ಲೇ ನಿಂತು, "ಏನ್ರೀ, ಮಗೂನ ತಂದ್ರಾ, ಸುಣ್ಣದ ಚೀಲ ತಂದ್ರಾ?" ಅಂದರಂತೆ. "ಎರಡೂ ಒಂದೇ ಕಣೆ, ಎರಡನ್ನೂ ಮಳೆಗೆ ಬಿಡೋ ಹಾಗಿಲ್ಲ" ಅಂದರಂತೆ ಮಾವ. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಅವತ್ತಿನಿಂದ ಮಕ್ಕಳಿಲ್ಲ ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಾವನ ತಲೆಗೂದಲು, ಹುಬ್ಬು, ಕಿವಿಯ ಮಡಿಕೆ ಎಲ್ಲ ಕಡೆ ಸುಣ್ಣದ ಪುಡಿ ಕೂತಿರುತ್ತಿತ್ತು. ಬೀದಿಯವರು ಅವರಿಗೆ ಬೂದುಗುಂಬಳ ಎಂದು ಹೆಸರಿಟ್ಟಿದ್ದರು. ಮೈಯೂ ಹಾಗೇ ದುಂಡಗಿತ್ತು. ಬೆರಳ ತುದಿಗಳು ಮಾತ್ರ ಗಾಜಿನ ಹಾಗೆ ನುಣುಪು. ಸುಣ್ಣ ಅಲ್ಲಿನ ಗೆರೆಗಳನ್ನೆಲ್ಲ ತಿಂದುಬಿಟ್ಟಿತ್ತು. ಒಮ್ಮೆ ಯಾವುದೋ ಆಫೀಸಿನಲ್ಲಿ ಹೆಬ್ಬೆರಳು ಒತ್ತಿದರೆ ಯಂತ್ರ ಒಪ್ಪಲೇ ಇಲ್ಲ. "ನಿಮ್ಮ ಬೆರಳಲ್ಲಿ ಗೆರೇನೇ ಇಲ್ವಲ್ರೀ" ಅಂದ ಗುಮಾಸ್ತನಿಗೆ ಮಾವ, "ಎಲ್ಲಾ ನಿಮ್ಮ ಗೋಡೆಗೇ ಕೊಟ್ಟಿದೀನಿ ಸಾರ್, ಬೇಕಾದ್ರೆ ಯಂತ್ರಾನ ಅದಕ್ಕೆ ಒತ್ತಿ" ಅಂದಿದ್ದರು. ಆ ಆಫೀಸಿನ ಗೋಡೆಗೆ ಗಾರೆ ಮಾಡಿದವರೂ ಅವರೇ.

ನಮ್ಮ ಸುಣ್ಣದ ಗೂಡು ಬೀದಿಯ ಕೊನೆಯಲ್ಲಿದೆ. ದುಂಡಗೆ ಕಟ್ಟಿದ ಕಲ್ಲಿನ ಗೂಡು, ಎರಡಾಳು ಎತ್ತರ. ಮೇಲಿನಿಂದ ಒಂದು ಪದರ ಸುಣ್ಣದ ಕಲ್ಲು, ಒಂದು ಪದರ ಇದ್ದಿಲು, ಮತ್ತೆ ಕಲ್ಲು, ಮತ್ತೆ ಇದ್ದಿಲು ಎಂದು ತುಂಬುತ್ತ ಹೋಗಬೇಕು. ಬೆಂಕಿ ನಡುವೆ ಇರುತ್ತದೆ. ಬೆಂದ ಕಲ್ಲು ತಣ್ಣಗಾಗುತ್ತ ಕೆಳಗಿಳಿಯುತ್ತದೆ. ಅದನ್ನು ಬುಡದಲ್ಲಿರುವ ಬಾಯಿಯಿಂದ ಹಾರೆ ಹಾಕಿ ಎಳೆದು ತೆಗೆಯಬೇಕು. ಗೂಡಿನ ಬಾಯಿ ನೆಲಕ್ಕಿಂತ ಕೆಳಗಿದೆ. ಅದರ ಮುಂದೆ ಏಳು ಮೆಟ್ಟಿಲಿನ ಒಂದು ಗುಂಡಿ ಇದೆ, ಒಬ್ಬರು ನಿಂತು ಕೆಲಸ ಮಾಡುವಷ್ಟು ಜಾಗ. ಅಲ್ಲಿ ಇಳಿಯುತ್ತಿದ್ದವರು ಮಾವ ಮಾತ್ರ.

ಗುಂಡಿಯಿಂದ ಹತ್ತು ಹೆಜ್ಜೆ ಆಚೆ ಅತ್ತೆಯ ತೊಟ್ಟಿ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸುವುದು ಅತ್ತೆಯ ಕೆಲಸ. ನೀರಿಗೆ ಬಿದ್ದ ಕೂಡಲೇ ಆ ಕಲ್ಲು ಸೀಟಿ ಹೊಡೆದ ಹಾಗೆ ಸದ್ದು ಮಾಡಿ, ಒಡೆದು, ಕೊತಕೊತ ಕುದಿಯುತ್ತದೆ. ಕೆಳಗೆ ಬೆಂಕಿ ಇಲ್ಲದೆ ನೀರು ಕುದಿಯುವುದನ್ನು ಮೊದಲ ಸಲ ನೋಡಿದಾಗ ನಾನು ಮನೆಯೊಳಗೆ ಓಡಿದ್ದೆನಂತೆ. ಹಬೆ ಮೋಡದ ಹಾಗೆ ಏಳುತ್ತದೆ. ಅದು ಇಳಿದ ಮೇಲೆ ತೊಟ್ಟಿಯಲ್ಲಿ ಬೆಣ್ಣೆಯ ಹಾಗೆ ಸುಣ್ಣ ಉಳಿಯುತ್ತದೆ.

"ನಾನು ಬೇಯಿಸಿದ್ದನ್ನ ಇವಳು ನೀರಲ್ಲಿ ಹಾಕ್ತಾಳೆ ನೋಡು" ಎಂದು ಮಾವ ಗೂಡಿನ ಮೇಲಿಂದ ಕೂಗುವರು.

"ನಾನು ನೀರು ಹಾಕಿಲ್ಲ ಅಂದ್ರೆ ನಿಮ್ಮ ಕಲ್ಲನ್ನ ಯಾರು ಮೂಸ್ತಾರ್ರೀ?" ಎಂದು ಅತ್ತೆ ಕೆಳಗಿನಿಂದ ಕೂಗುವರು.

ದಿನವೂ ಇದೇ. ಬೇರೆ ಜಗಳ ಅವರಿಬ್ಬರಲ್ಲಿ ನಾನು ನೋಡಲಿಲ್ಲ.

ಮಾವ ನನ್ನನ್ನು ಇರುವೆ ಎಂದು ಕರೆಯುತ್ತಿದ್ದರು. ಸಣ್ಣ ಕೆಲಸವನ್ನೂ ಮೂರು ಸಲ ನೋಡಿ ಮಾಡುತ್ತೇನೆ, ಅದಕ್ಕೆ. ನನಗೆ ಹತ್ತು ವರ್ಷವಿದ್ದಾಗ ಅವರು ಒಂದು ಒಗಟು ಹಾಕಿದರು.

"ಹತ್ತು ಬುಟ್ಟಿ ತೂಕದ ಕಲ್ಲು ಒಳಗೆ ಹೋಯ್ತು. ಐದೂವರೆ ಬುಟ್ಟಿ ತೂಕದ ಸುಣ್ಣ ಹೊರಗೆ ಬಂತು. ಮಿಕ್ಕ ನಾಲ್ಕೂವರೆ ಯಾರು ಕದ್ರು ಹೇಳು, ಇರುವೆ?"

"ಹೊಗೆ" ಅಂದೆ.

"ಹೊಗೆ ಇದ್ದಿಲಿಂದು. ನಾನು ಕೇಳಿದ್ದು ಕಲ್ಲಿಂದು."

"ಅವರೇ ತಿಂದಿರೋದು ಕಣೇ, ಹೊಟ್ಟೆ ನೋಡು" ಅಂದರು ಅತ್ತೆ ತೊಟ್ಟಿಯ ಹತ್ತಿರದಿಂದ.

ಮಾವ ನಕ್ಕು, ಒಂದು ಕಲ್ಲನ್ನು ಒಡೆದು ತೋರಿಸಿದರು. ಒಳಗೆ ಕಿರುಬೆರಳ ಉಗುರಿನಷ್ಟು ಒಂದು ಚಿಪ್ಪಿನ ಗುರುತು ಇತ್ತು. "ಇದು ಒಂದು ಕಾಲದಲ್ಲಿ ನೀರಲ್ಲಿತ್ತು. ಈ ಕಲ್ಲು ಪೂರ್ತಿ ಇಂಥದ್ದೇ ಚಿಪ್ಪು, ಒಂದರ ಮೇಲೊಂದು ಬಿದ್ದು ಗಟ್ಟಿಯಾಗಿರೋದು. ಹುಳ ನೀರಲ್ಲಿದ್ದ ಉಸಿರನ್ನ ಹಿಡಿದು ಚಿಪ್ಪು ಮಾಡ್ಕೊಂಡಿತ್ತು. ನಾನು ಬೆಂಕಿ ಇಟ್ಟೆ, ಕಲ್ಲು ಆ ಉಸಿರು ಬಿಟ್ಟುಬಿಡ್ತು. ಅದೇ ನಾಲ್ಕೂವರೆ ಬುಟ್ಟಿ."

"ಎಲ್ಲಿ ಹೋಯ್ತು ಮಾವ?"

"ಗಾಳೀಲಿ ತಿರುಗ್ತಿರುತ್ತೆ. ಎಲೆ ಒಂದಿಷ್ಟು ತಗೊಳ್ಳುತ್ತೆ, ಮಳೆನೀರು ಒಂದಿಷ್ಟು ತಗೊಳ್ಳುತ್ತೆ. ನಮ್ಮ ಗೋಡೆಗಳು ಒಂದಿಷ್ಟು ವಾಪಸ್ ತಗೊಳ್ತವೆ. ಗೋಡೆ ಗಟ್ಟಿಯಾಗೋದು ಅಂದ್ರೆ ಅದೇ. ಹಸಿ ಸುಣ್ಣ ಆ ಉಸಿರು ಕುಡಿದು ಮತ್ತೆ ಕಲ್ಲಾಗುತ್ತೆ."

ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆ ಉಸಿರಿನ ಹೆಸರು ಇಂಗಾಲದ ಡೈಆಕ್ಸೈಡ್ ಎಂದು ಓದಿದೆ. ಪುಸ್ತಕದಲ್ಲಿ ಒಂದು ದೊಡ್ಡ ಚಿತ್ರವೂ ಇತ್ತು. ಸಮುದ್ರದಿಂದ ಮೋಡಕ್ಕೆ, ಮೋಡದಿಂದ ಬೆಟ್ಟಕ್ಕೆ, ಬೆಟ್ಟದಿಂದ ನದಿಗೆ ನೀಲಿ ಬಾಣಗಳು. ಗಾಳಿಯಿಂದ ಮರಕ್ಕೆ, ಮರದಿಂದ ಮಣ್ಣಿಗೆ, ಚಿಮಣಿಯಿಂದ ಗಾಳಿಗೆ ಕಪ್ಪು ಬಾಣಗಳು. ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಗೋಡೆ ಎಲ್ಲಿ?" ಅಂದರು.

ಗೋಡೆ ಇರಲಿಲ್ಲ. ಮಾವನಿಗೆ ನಿಜವಾಗಿಯೂ ಬೇಜಾರಾಯಿತು. "ಗೋಡೇನೇ ಬಿಟ್ಟಿದಾರಲ್ಲ" ಎಂದು ಊಟ ಮಾಡುವಾಗಲೂ ಅಂದರು. ನಾನು ಪೆನ್ಸಿಲಿನಲ್ಲಿ ಆ ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಗೋಡೆ ಬರೆದು, ಗಾಳಿಯಿಂದ ಅದಕ್ಕೆ ಒಂದು ಕಪ್ಪು ಬಾಣ ಹಾಕಿದೆ. "ನೀಲಿ ಬಾಣಾನೂ ಹಾಕು. ನೀರಿಲ್ದೆ ಗೋಡೆ ಉಸಿರು ಕುಡಿಯಲ್ಲ. ನಿಮ್ಮತ್ತೆಗೆ ಅವಮಾನ ಮಾಡಬೇಡ" ಅಂದರು ಮಾವ. ಹೊಸ ಗಾರೆಗೆ ದಿನಾ ನೀರು ಚಿಮುಕಿಸಬೇಕು, ಒಣಗಿದ ಗಾರೆ ಗಟ್ಟಿಯಾಗದೆ ಪುಡಿಯಾಗುತ್ತದೆ. ಅದಕ್ಕೆ ಹಾಗೆ ಅಂದದ್ದು.

ಮುಂದಿನ ವರ್ಷ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಮಾವ ನಾಲ್ಕು ದಿನ ನೋಡಿ, ಐದನೇ ದಿನ, "ಸರಿ, ದೀಪದ ಕೆಲಸ ನಿಂದು" ಅಂದರು.

ದೀಪದ ಕೆಲಸ ಏನೆಂದು ಹೇಳಬೇಕು. ಕಲ್ಲು ಬಿಡುವ ಉಸಿರು ಗಾಳಿಗಿಂತ ಭಾರ. ಗೂಡು ಚೆನ್ನಾಗಿ ಎಳೆಯುವಾಗ ಅದು ಬೆಂಕಿಯ ಜೊತೆ ಮೇಲೆ ಹೋಗುತ್ತದೆ. ಗಾಳಿ ಅಲ್ಲಾಡದ ದಿನ ಗೂಡಿನ ಬಾಯಿಂದ ಇಳಿದು ಗುಂಡಿಯಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ. ಅದಕ್ಕೆ ಪ್ರತಿದಿನ ಬೆಳಗ್ಗೆ ಮಾವ ಇಳಿಯುವ ಮೊದಲು ಬುಡ್ಡಿದೀಪಕ್ಕೆ ಹಗ್ಗ ಕಟ್ಟಿ ಗುಂಡಿಗೆ ಇಳಿಸಬೇಕು. ದೀಪ ಏಳನೇ ಮೆಟ್ಟಿಲಿಗೆ ತಾಗಬೇಕು. ನೂರು ಎಣಿಸಬೇಕು. ದೀಪ ನಿಂತರೆ ಇಳಿಯಬಹುದು. ಆರಿದರೆ ಅವತ್ತು ಕೆಲಸ ಇಲ್ಲ. ಇನ್ನೊಂದು ನಿಯಮ, ದೀಪದ ಲೆಕ್ಕ ಮುಗಿದು ಮಾವ ಕೆಳಗೆ ಇಳಿದು ಮೇಲೆ ಬರುವವರೆಗೆ ಅತ್ತೆ ತೊಟ್ಟಿಗೆ ಸುಣ್ಣ ಹಾಕಬಾರದು. ಹಬೆ ಬಂದರೆ ಗುಂಡಿ ಕಾಣುವುದಿಲ್ಲ.

ನಾನು ಒಂದೂವರೆ ವರ್ಷ ದೀಪ ಇಳಿಸಿದೆ. ಒಂದು ದಿನವೂ ತೊಂಬತ್ತೊಂಬತ್ತಕ್ಕೆ ನಿಲ್ಲಿಸಲಿಲ್ಲ. ಆರು ದಿನ ದೀಪ ಆರಿತ್ತು. ಆರೂ ದಿನ ಮಾವ ಗೂಡಿನ ಬಳಿಯೇ ಹೋಗದೆ, ಮನೆಯಲ್ಲಿ ಕೂತು ಬುಟ್ಟಿ ಸರಿಮಾಡಿದ್ದರು.

ಆ ದಿನದ ಬಗ್ಗೆ ಈಗ ಬರೆಯುತ್ತೇನೆ.

ಗ್ರಂಥಾಲಯದ ಒಳಗೋಡೆಗೆ ಹೊಸ ಗಾರೆ ಮಾಡುವ ಕೆಲಸವನ್ನು ಮಾವ ಒಪ್ಪಿಕೊಂಡಿದ್ದರು. ಮೂರು ದಿನದಿಂದ ಮೋಡ ಕವಿದು ಒಂದು ಎಲೆಯೂ ಅಲ್ಲಾಡಿರಲಿಲ್ಲ. ಮಳೆ ಬರುವ ಮೊದಲು ಹಿಂದಿನ ದಿನದ ಸುಣ್ಣ ಅರಳಿಸಿ ಮುಗಿಸೋಣ ಎಂದು ಅತ್ತೆ ಬೇಗ ನೀರು ಸೇದಿ ತೊಟ್ಟಿ ತುಂಬಿಸಿದ್ದರು. "ತಡಿ, ನಾನು ಇಳಿದು ಬರ್ತೀನಿ" ಎಂದು ಮಾವ ಗೂಡಿನ ಮೇಲಿಂದ ಹೇಳಿದರು. "ನೀವು ಬರೋಷ್ಟರಲ್ಲಿ ಆಕಾಶಾನೇ ಅರಳಿಸುತ್ತೆ, ಆಮೇಲೆ ಇಬ್ಬರೂ ಬಾಯಿ ಬಾಯಿ ಬಿಡೋಣ" ಎಂದು ಅತ್ತೆ ಬಾಂಡಲಿ ಎತ್ತಿ ತೊಟ್ಟಿಗೆ ಸುಣ್ಣ ಸುರಿದರು. ಹಬೆ ಎದ್ದಿತು. ಗಾಳಿ ಇಲ್ಲದ್ದರಿಂದ ಅದು ಹರಡದೆ ಗುಂಡಿಯ ಮೇಲೂ ಬಂತು.

ನಾನು ದೀಪ ಇಳಿಸಿದೆ. ಏಳನೇ ಮೆಟ್ಟಿಲಿಗೆ ತಾಗಿತು. ಹತ್ತು ಎಣಿಸುವಷ್ಟರಲ್ಲಿ ಆರಿತು.

ಎಳೆದು ನೋಡಿದೆ. ಬುಡ್ಡಿಯ ಮೇಲೆಲ್ಲ ಹಬೆಯ ಹನಿ ಕೂತಿತ್ತು. ಬತ್ತಿ ನೆನೆದಿದೆ ಅಂದುಕೊಂಡೆ. ಲಂಗದ ಅಂಚಿನಿಂದ ಒರೆಸಿ, ಬತ್ತಿಯ ತುದಿ ಕತ್ತರಿಸಿ, ಹಚ್ಚಿ, ಮತ್ತೆ ಇಳಿಸಿದೆ. ಈ ಸಲ ನಾಲ್ಕಕ್ಕೇ ಆರಿತು.

ಆಗ ಕೂಗಬೇಕಿತ್ತು. ನಾನು ಕೂಗಲಿಲ್ಲ. ಹಬೆಯಿಂದ ಆರುತ್ತಿದೆ, ಹಬೆ ತಾಗದ ಹಾಗೆ ಹಿಡಿದರೆ ಸರಿಯಾದ ಲೆಕ್ಕ ಸಿಗುತ್ತದೆ ಎಂದು ಯೋಚಿಸಿದೆ. ಬತ್ತಿಯನ್ನು ಇನ್ನೂ ಚೆನ್ನಾಗಿ ಒಣಗಿಸಿದೆ. ಒಂದು ಕೈಯಲ್ಲಿ ಗೋಣಿತಾಟು ಹಿಡಿದು ಹಬೆಗೆ ಮರೆ ಮಾಡಿದೆ. ಆ ಮರೆ ಸಾಲುವಷ್ಟು, ಮೂರನೇ ಮೆಟ್ಟಿಲಿನವರೆಗೆ ಮಾತ್ರ, ದೀಪ ಇಳಿಸಿ ಹಗ್ಗ ನಿಲ್ಲಿಸಿದೆ. ಅಲ್ಲಿ ನೆಟ್ಟಗೆ ಉರಿಯಿತು. ನಾನು ನೂರು ಎಣಿಸಿದೆ. ಒಂದು ಅಂಕಿಯನ್ನೂ ಹಾರಿಸಲಿಲ್ಲ.

"ಇರುವೇ, ನಿಂತಿತೇನೇ?" ಮಾವ ಮೇಲಿಂದ ಕೂಗಿದರು.

"ನಿಂತಿತು ಮಾವ."

"ನೂರೂ ಎಣಿಸಿದ್ಯಾ, ಅರವತ್ತಕ್ಕೆ ನಿದ್ದೆ ಹೋದ್ಯಾ?"

"ನೂರೂ ಎಣಿಸಿದೆ ಮಾವ."

"ನಿನ್ನ ನೂರು ಅಂದ್ರೆ ನೂರೇ ಬಿಡು" ಎಂದು ನಗುತ್ತ ಇಳಿದು ಬಂದರು. ಹಾರೆ ತೆಗೆದುಕೊಂಡು, ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟು, ಮೆಟ್ಟಿಲಿಳಿದರು. ತಲೆಯ ಮೇಲೆ ಸುಣ್ಣ ಬಿತ್ತು, ಕೊಡವಿಕೊಂಡೆ.

ಹಾರೆಯ ಸದ್ದು ಮೂರು ಸಲ ಕೇಳಿತು. ಆಮೇಲೆ ಕೇಳಲಿಲ್ಲ. ದಣಿವಾರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಹಬೆ ತೆಳುವಾಗಿತ್ತು, ಬಗ್ಗಿ ನೋಡಿದರೆ ಮಾವ ಗೋಡೆಗೆ ಒರಗಿ ಕೂತಿದ್ದರು. ಊಟವಾದ ಮೇಲೆ ಹಾಗೆ ಕೂರುವುದುಂಟು. "ಮಾವ" ಅಂದೆ. ನನ್ನ ದನಿ ಯಾವಾಗಲೂ ಸಣ್ಣದು, ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಅಂದೆ. ಆಮೇಲೆ ಮೆಟ್ಟಿಲಿಗೆ ಕಾಲಿಟ್ಟೆ. ಅತ್ತೆ ಹಿಂದಿನಿಂದ ಬಂದು ನನ್ನ ಜಡೆ ಹಿಡಿದು ಎಳೆದರು.

"ಬಿಡಿ ಅತ್ತೆ! ಮಾವ ಏಳ್ತಿಲ್ಲ!"

"ಇಳೀಬೇಡ! ಇಳೀಬೇಡ ಅಂದೆ! ನೀನೂ ಹೋಗ್ತೀಯಾ?"

ಅತ್ತೆಯ ಕೂಗಿಗೆ ನಮ್ಮ ಗೂಡಿನಿಂದ ಆಚೆಗಿರುವ ಇನ್ನೊಂದು ಸುಣ್ಣದ ಗೂಡಿನವರು ಓಡಿಬಂದರು. ಅಲ್ಲಿನ ಹಿರಿಯರು, ಮಾವನಿಗೆ ಕೆಲಸ ಕಲಿಸಿದವರು, ಗುಂಡಿ ನೋಡಿದ ಕೂಡಲೇ, "ಸುಣ್ಣದ ನೀರು ಹಾಕಮ್ಮಾ! ಗೋಡೆಗೆ ಎರಚು! ಎಷ್ಟಿದೆಯೋ ಅಷ್ಟೂ ಹಾಕು!" ಎಂದು ಕೂಗಿದರು. ಅರಳಿದ ಸುಣ್ಣ ಆ ಕೆಟ್ಟ ಗಾಳಿಯನ್ನು ಕುಡಿಯುತ್ತದೆ. ಅತ್ತೆ ತೊಟ್ಟಿಯಿಂದ ತುಂಬಿ ತುಂಬಿ ಎರಚಿದರು. ಗಂಡಸರು ಟಾರ್ಪಾಲು ಬೀಸಿದರು. ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಉಸಿರು ಹಿಡಿದು ಇಳಿದು ಮಾವನನ್ನು ಮೇಲೆ ತಂದರು. ಮಾವ ತಲೆಯಿಂದ ಕಾಲಿನವರೆಗೆ ಬಿಳಿಯಾಗಿದ್ದರು. ಅತ್ತೆ ಸೆರಗಿನಿಂದ ಅವರ ಕಣ್ಣು ಒರೆಸುತ್ತ, "ಉರಿಯುತ್ತೇನ್ರೀ? ಉರಿಯುತ್ತಾ?" ಎಂದು ಕೇಳುತ್ತಲೇ ಇದ್ದರು.

ಡಾಕ್ಟರು ಬಂದು ನೋಡಿ, ನೋವಾಗಿರುವುದಿಲ್ಲ, ನಿದ್ದೆ ಬಂದ ಹಾಗೆ ಆಗಿರುತ್ತದೆ ಅಂದರು.

ಮಣ್ಣು ಮಾಡಿ ಬಂದ ಸಂಜೆ ಹಿರಿಯರು ನಮ್ಮ ಜಗುಲಿಯಲ್ಲಿ ಕೂತು, "ದೀಪ ಇಳಿಸಿದ್ರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಇಳಿಸಿದ್ಲು. ನೂರು ಎಣಿಸಿದ್ಲು. ನನ್ನ ಕಿವಿಯಾರೆ ಕೇಳಿದೀನಿ. ಈ ಮಗೂ ಮೇಲೆ ಯಾರೂ ಒಂದು ಮಾತು ಆಡೋ ಹಾಗಿಲ್ಲ" ಅಂದರು.

"ಹಾಗಾದ್ರೆ ದೀಪ ತೆಗೆದ ಮೇಲೆ ತುಂಬ್ಕೊಂಡಿದೆ. ಹಬೆ ಮೇಲಿಂದ ಒತ್ತಿರಬೇಕು, ಗಾಳಿ ಕೆಳಗೇ ಕೂತ್ಕೊಂಡಿದೆ. ಇನ್ನೇನು ಹೇಳೋದು" ಅಂದರು ಹಿರಿಯರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ದೀಪ ನಿಂತಿತ್ತು ಅಂದರೆ ಬೇರೆ ಕಾರಣ ಬೇಕಲ್ಲ, ಅದನ್ನು ಹುಡುಕಿದರು ಅಷ್ಟೇ. ಅತ್ತೆ ಆ ಮಾತನ್ನು ಕೇಳಿ ಎದ್ದು ಒಳಗೆ ಹೋದರು.

ಅವತ್ತಿನಿಂದ ಅತ್ತೆ ತೊಟ್ಟಿಯ ಹತ್ತಿರ ಹೋಗಲಿಲ್ಲ. ಅನ್ನ ಬೇಯಿಸುವಾಗ ಪಾತ್ರೆಯ ಮುಚ್ಚಳ ತೆಗೆಯುವುದನ್ನೂ ನನಗೇ ಹೇಳುತ್ತಿದ್ದರು. ಯಾಕೆಂದು ನನಗೆ ಮೊದಲು ತಿಳಿಯಲಿಲ್ಲ. ಮೂರು ವಾರದ ಮೇಲೆ ಪಕ್ಕದ ಮನೆಯ ಹೊಲಿಗೆಯಕ್ಕ ಬಂದಿದ್ದರು. ನಾನು ಕೊಡ ಹಿಡಿದು ಒಳಗೆ ಬರುತ್ತಿದ್ದೆ. ಬಾಗಿಲ ಹಿಂದೆಯೇ ನಿಂತುಬಿಟ್ಟೆ.

"ನಾನೇ ಕೊಂದೆ ಕಣಕ್ಕಾ" ಅನ್ನುತ್ತಿದ್ದರು ಅತ್ತೆ. "ತಡಿ ಅಂದ್ರು. ನನ್ನ ಬಾಯಿಗೆ ಬೆಂಕಿ ಬೀಳ, ತಮಾಷೆ ಮಾಡಿದೆ. ನಾನು ಹಾಕಿದ ನೀರೇ ಅವರ ಮೇಲೆ ಹೋಗಿ ಕೂತ್ಕೊಳ್ತು."

"ಹಾಗನ್ನಬಾರದು ಕಣೆ. ಹಣೇಲಿ ಬರೆದಿತ್ತು."

"ಬರೆದೋಳು ನಾನೇ."

ಕೊಡ ಭಾರವಾಗಿತ್ತು. ಆದರೂ ಅದನ್ನು ಇಳಿಸುವುದಕ್ಕೆ ನನಗೆ ತೋಚಲಿಲ್ಲ. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಶಾಲೆಯಲ್ಲಿ ಆಗುತ್ತಿದ್ದ ಹಾಗೆ ಇಲ್ಲೂ ಹೇಳಲಾಗಲಿಲ್ಲ. ನನ್ನ ಆ ನೂರನ್ನು ನಂಬಿ ಮಾವ ಇಳಿದರು. ಅದೇ ನೂರನ್ನು ನಂಬಿ ಅತ್ತೆ ಈಗ ತಾನೇ ಕೊಂದೆ ಅನ್ನುತ್ತಿದ್ದಾರೆ.

ನಾನು ತುಂಬಾ ಯೋಚಿಸಿದ್ದೇನೆ. ಹಬೆ ನೀರಿನದು, ಬಿಸಿಯಾದದ್ದು, ಮೇಲೆ ಹೋಗುವ ಜಾತಿ. ಕಲ್ಲಿನ ಉಸಿರು ಕೆಳಗೆ ಕೂರುವ ಜಾತಿ. ಮಾವನೇ ಹೇಳಿಕೊಟ್ಟದ್ದು. ಹಬೆ ಅದನ್ನು ಒತ್ತಿ ಕೂರಿಸುವುದಿಲ್ಲ. ದೀಪ ಇಳಿಯುವ ಮೊದಲೇ ಗುಂಡಿ ತುಂಬಿತ್ತು, ಅದಕ್ಕೇ ದೀಪ ಎರಡು ಸಲ ಆರಿತು. ಇನ್ನೊಂದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ. ಹಬೆ ಇರದಿದ್ದರೆ ಬತ್ತಿ ನೆನೆದಿದೆ ಎಂದು ನಾನು ಅಂದುಕೊಳ್ಳುತ್ತಿರಲಿಲ್ಲ. ಆದರೆ ಅಂದುಕೊಂಡವಳು ನಾನು. ಮೂರನೇ ಮೆಟ್ಟಿಲಿಗೆ ನಿಲ್ಲಿಸಿದ ಹಗ್ಗ ನನ್ನ ಕೈಯಲ್ಲಿತ್ತು.

ಆ ಗುಂಡಿಯನ್ನು ಒಮ್ಮೆ ಹೋಗಿ ನೋಡಿದೆ. ಗೂಡು ತಣ್ಣಗಾಗಿದೆ, ಮಳೆನೀರು ಸ್ವಲ್ಪ ನಿಂತಿದೆ. ಅತ್ತೆ ಎರಚಿದ ಸುಣ್ಣ ಗೋಡೆಯ ಮೇಲೆ ಇಳಿದ ಹಾಗೇ ಗಟ್ಟಿಯಾಗಿದೆ. ಉಗುರಿನಿಂದ ಕೆರೆದೆ, ಬರಲಿಲ್ಲ. ಅವತ್ತು ಗುಂಡಿಯಲ್ಲಿ ನಿಂತಿದ್ದ ಉಸಿರಿನಲ್ಲಿ ಒಂದು ಪಾಲು ಅದರಲ್ಲಿ ಕಲ್ಲಾಗಿ ಕೂತಿದೆ. ಅತ್ತೆಯ ತೊಟ್ಟಿಯ ನೀರು ಅವತ್ತು ಮಾಡಿದ್ದು ಅದನ್ನು. ನಮ್ಮ ಮನೆಯ ಕಡೆಯಿಂದ ಮಾವನನ್ನು ಉಳಿಸುವ ಕೆಲಸ ಮಾಡಿದ್ದು ಆ ನೀರೊಂದೇ.

ಹೋದ ವಾರ ಇನ್ನೊಂದು ನಡೆಯಿತು. ಆಚೆ ಗೂಡಿನವರು ನಮ್ಮ ಗೂಡಿನಿಂದ ತೆಗೆದುಕೊಟ್ಟ ಕೊನೆಯ ಸುಣ್ಣ ಕೊಟ್ಟಿಗೆಯಲ್ಲಿ ಡಬ್ಬಗಳಲ್ಲಿತ್ತು. ಸುಟ್ಟ ಸುಣ್ಣವನ್ನು ಹಾಗೇ ಇಡಲಾಗುವುದಿಲ್ಲ. ಎಷ್ಟು ಮುಚ್ಚಿದರೂ ಗಾಳಿಯಲ್ಲಿರುವ ತೇವ ಕುಡಿದು, ಉಸಿರು ಕುಡಿದು, ತನ್ನಷ್ಟಕ್ಕೆ ಪುಡಿಯಾಗಿ ಸತ್ತುಹೋಗುತ್ತದೆ. ಗೋಡೆಗೆ ಹಾಕಿದರೆ ನಿಲ್ಲುವುದಿಲ್ಲ. ಒಂದು ಡಬ್ಬ ಆಗಲೇ ಹೋಗಿತ್ತು. ಮಾವ ಸುಟ್ಟ ಕೊನೆಯ ಸುಣ್ಣ ಅದು. ನಾನೇ ಅರಳಿಸಲು ಹೊರಟೆ. ತೊಟ್ಟಿಗೆ ಅರ್ಧ ನೀರು ತುಂಬಿ ಬಾಂಡಲಿ ಎತ್ತಿದೆ.

ಅತ್ತೆ ಕಿಟಕಿಯಿಂದ ನೋಡುತ್ತಿದ್ದರು. ತಡೆಯಲಾಗಲಿಲ್ಲ. "ಅಷ್ಟು ನೀರು ಸಾಲುತ್ತೇನೇ? ಸುಣ್ಣ ಸೀದು ಹೋಗುತ್ತೆ! ಒಂದೂವರೆ ವರ್ಷ ಇಲ್ಲಿ ನಿಂತು ಏನು ನೊಣ ಹೊಡೀತಿದ್ಯಾ?" ಎಂದು ಬೈಯುತ್ತ ಬಂದರು. ಅವರು ಬೈದದ್ದು ಕೇಳಿ ನನಗೆ ಅಳು ಬಂತು, ಅಷ್ಟು ದಿನವಾಗಿತ್ತು. ಇಬ್ಬರೂ ಸೇರಿ ನೀರು ತುಂಬಿದೆವು. ಅವರೇ ಸುಣ್ಣ ಸುರಿದರು, ಉದ್ದ ಕೋಲಿನಿಂದ ಕಲಕಿದರು. ಸೀಟಿಯ ಸದ್ದು ಬಂತು. ಹಬೆ ಎದ್ದಿತು.

ಅತ್ತೆಯ ಕೈಯಿಂದ ಕೋಲು ಬಿತ್ತು. ತೊಟ್ಟಿಯ ಪಕ್ಕದಲ್ಲೇ ಕುಕ್ಕರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ನೋಡೋಕಾಗಲ್ಲ ಕಣೇ. ನನ್ನ ಕೈಲಿ ಆಗಲ್ಲ."

ನಾನು ಪಕ್ಕದಲ್ಲಿ ಕೂತೆ. "ಅತ್ತೆ, ಹಬೆಯಿಂದ ಅಲ್ಲ" ಅಂದೆ.

"ಸುಮ್ನಿರು."

"ನಿಜವಾಗ್ಲೂ ಅಲ್ಲ ಅತ್ತೆ. ಹಬೆ ಮೇಲೆ ಹೋಗುತ್ತೆ. ದೀಪ…"

"ದೀಪ ನಿಂತಿತ್ತಲ್ಲ, ಅದಕ್ಕೇ ಹೇಳ್ತಿರೋದು. ನಿನ್ನ ಕೆಲಸ ನೀನು ಸರಿಯಾಗಿ ಮಾಡಿದೀಯ, ಕೆಡಿಸಿದ್ದು ನಾನು. ನಂಗೆ ಸಮಾಧಾನ ಹೇಳ್ತೀನಿ ಅಂತ ಏನೇನೋ ಹೇಳಬೇಡ ಇರುವೆ."

ಮಾವ ಹೋದ ಮೇಲೆ ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಅತ್ತೆ ನನ್ನ ತಲೆಯನ್ನು ತಮ್ಮ ತೊಡೆಗೆ ಎಳೆದುಕೊಂಡರು. ಅವರ ಕೈ ನನ್ನ ಜಡೆಯ ಮೇಲಿತ್ತು. ನನಗೆ ಬೇರೆ ಯಾರೂ ಇಲ್ಲ. ಹೇಳಿದರೆ ಆ ಕೈಯೂ ಇರುವುದಿಲ್ಲವೇನೋ ಎಂದು ಹೆದರಿ ಸುಮ್ಮನಿದ್ದೆ. ತೊಟ್ಟಿ ಕುದಿದು ತಣ್ಣಗಾಗುವವರೆಗೂ ಸುಮ್ಮನಿದ್ದೆ. ಅದೂ ನಾನು ಮಾಡಿದ ತಪ್ಪೇ.

ಅವತ್ತು ಅರಳಿಸಿದ ಸುಣ್ಣ ತೊಟ್ಟಿಯಲ್ಲಿದೆ. ಅದರ ಮೇಲೆ ಯಾವಾಗಲೂ ನಾಲ್ಕು ಬೆರಳು ನೀರು ನಿಂತಿರಬೇಕು. ನಾನು ಬೆಳಗ್ಗೆ ಸಂಜೆ ನೋಡುತ್ತೇನೆ. ಬಿಸಿಲಿಗೆ ಇಷ್ಟು ಆರುತ್ತದೆ, ಮಳೆ ಬಂದರೆ ಅಷ್ಟು ತುಂಬುತ್ತದೆ. ಸುಣ್ಣ ಕೆಡುವುದಿಲ್ಲ, ಎಷ್ಟು ವರ್ಷವಾದರೂ ಕಾಯುತ್ತದೆ. ಅತ್ತೆ ಹಾಗಲ್ಲ. ಮೊನ್ನೆಯಿಂದ ಒಂದು ಹೊತ್ತು ಮಾತ್ರ ಉಣ್ಣುತ್ತಿದ್ದಾರೆ. ಬೆಳಗ್ಗೆ ಎದ್ದ ಕೂಡಲೇ ಅವರು ಮಾಡುವ ಮೊದಲ ಕೆಲಸ, ಗೋಡೆಯ ಕಡೆ ತಿರುಗಿ ಮಾವನ ಹತ್ತಿರ ತಪ್ಪಾಯಿತು ಎಂದು ಹೇಳುವುದು. ಮೆಲ್ಲಗೆ ಹೇಳುತ್ತಾರೆ. ನಾನು ಮಲಗಿದ್ದೇನೆ ಅಂದುಕೊಂಡಿದ್ದಾರೆ.

ಮಾವನ ಬಗ್ಗೆ ಇನ್ನೂ ಬರೆಯುವುದಿತ್ತು. ಅವರು ಹಾಡುತ್ತಿರಲಿಲ್ಲ, ಆದರೆ ಗಾರೆ ನುಣುಪು ಮಾಡುವಾಗ ಮೂಗಿನಲ್ಲಿ ಏನೋ ಗುನುಗುತ್ತಿದ್ದರು. ಬಿಸಿ ನೀರು ಕುಡಿಯುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು, ಅತ್ತೆಗೆ ಅದರಿಂದ ನಾಚಿಕೆಯಾಗುತ್ತಿತ್ತು. ಇವಿಷ್ಟೇ ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಮೊದಲ ಮೂರು ಸಲ ಇವನ್ನೇ ಬರೆದು ಹರಿದದ್ದು.

ನಾಳೆ ಬೆಳಗ್ಗೆ ಅತ್ತೆ ಗೋಡೆಯ ಕಡೆ ತಿರುಗುವ ಮೊದಲು ನಾನು ಎದ್ದು ಅವರ ಎದುರು ಕೂರುತ್ತೇನೆ. ದೀಪ ಎರಡು ಸಲ ಆರಿತ್ತು, ಮೂರನೇ ಸಲ ನಾನು ಅದನ್ನು ಮೂರನೇ ಮೆಟ್ಟಿಲಿಗೇ ನಿಲ್ಲಿಸಿದ್ದೆ ಎಂದು ಹೇಳುತ್ತೇನೆ. ಅವರು ತಡೆದರೂ ಪೂರ್ತಿ ಹೇಳುತ್ತೇನೆ. ಆಮೇಲೆ ಆಚೆ ಗೂಡಿನ ಹಿರಿಯರ ಮನೆಗೆ ಹೋಗಿ ಅವರಿಗೂ ಹೇಳಿ, ಈ ಕಾಗದಗಳನ್ನು ಪುಸ್ತಕದಕ್ಕನ ಕೈಗೆ ಕೊಡುತ್ತೇನೆ.